ಕಾಂಗೋ ಗೆದ್ದ ಮಳೆಗಾಲ

ಹೋದ ತಿಂಗಳು ತುಮಕೂರಿಗೆ ಹೋಗಿದ್ದೆ. ನಾನು ಓದಿದ ಕಾಲೇಜಿನ ಮುಂದೆಯೇ ಆಟೋ ಸಿಕ್ಕಿಹಾಕಿಕೊಂಡಿತು. ಮುಂದೆ ಲಾರಿ, ಹಿಂದೆ ಬಸ್ಸು, ಮೇಲೆ ಸೋನೆ ಮಳೆ. ಕಾಲೇಜಿನ ಗೇಟಿಗೆ ಕಟ್ಟಿದ್ದ ಬಟ್ಟೆಯ ಬ್ಯಾನರ್ ನೆನೆದು ತೊಟ್ಟಿಕ್ಕುತ್ತಿತ್ತು. ಹಸಿ ಬಣ್ಣದ ವಾಸನೆ ಆಟೋದೊಳಗೂ ಬಂತು. ಬಗ್ಗಿ ನೋಡಿದೆ. 'ಚರ್ಚಾಸ್ಪರ್ಧೆ' ಅಂತ ಬರೆದಿತ್ತು.

ಆ ಪದ ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ಚರ್ಚೆ ಮಾಡಿಕೊಳ್ಳಲಿ, ಯಾರು ಬೇಡ ಅಂದರು? ಅದರ ಬಾಲಕ್ಕೆ ಸ್ಪರ್ಧೆ ಯಾಕೆ? ಆಟೋದವನು ಕನ್ನಡಿಯಲ್ಲಿ ನನ್ನ ಮುಖ ನೋಡಿ, "ಹುಷಾರಿಲ್ವಾ ಅಮ್ಮಾ? ನೀರ್ ಬೇಕಾ?" ಅಂದ. "ಚೆನ್ನಾಗೇ ಇದೀನಿ, ನೀನು ನಡಿಯಪ್ಪ" ಅಂದೆ. ಚೆನ್ನಾಗೇನೂ ಇರಲಿಲ್ಲ.

ಅದು ಅರವತ್ತೆಂಟನೇ ಇಸವಿಯ ಮಳೆಗಾಲ. ನಾನು ಬಿ.ಎ. ಎರಡನೇ ವರ್ಷದಲ್ಲಿದ್ದೆ. ಗುಬ್ಬಿಯಿಂದ ದಿನಾ ಬೆಳಿಗ್ಗೆ ರೈಲು ಹತ್ತಿ ತುಮಕೂರಿಗೆ ಬರುತ್ತಿದ್ದೆ. ಇಂಜಿನ್ನಿನ ಮಸಿ ಕಿಟಕಿಯಿಂದ ಹಾರಿಬಂದು ಸೀರೆಯ ಮೇಲೆ ಕೂರುತ್ತಿತ್ತು. ಕೊಡವಿದರೆ ಹರಡುತ್ತಿತ್ತು, ಆದ್ದರಿಂದ ಉಫ್ ಅಂತ ಊದಬೇಕು. ಹೆಣ್ಣುಮಕ್ಕಳ ಡಬ್ಬಿಯಲ್ಲಿ ತುಮಕೂರು ಬರುವವರೆಗೆ ನಾವೆಲ್ಲ ಸೀರೆ ಊದಿಕೊಳ್ಳುತ್ತಾ ಕೂತಿರುತ್ತಿದ್ದೆವು. ಆ ವರ್ಷ ಆಷಾಢದ ಗಾಳಿ ಮುಗಿಯಲೇ ಇಲ್ಲ. ಶ್ರಾವಣ ಬಂದರೂ ಅದೇ ಗಾಳಿ, ಅದೇ ಒಣ ಮೋಡ. ಮಘೆ ಮಳೆ ಕೈಕೊಟ್ಟಿತು. ಹುಬ್ಬೆಯಲ್ಲಿ ಜಿನುಗಲು ಶುರುವಾದದ್ದು ತಿಂಗಳುಗಟ್ಟಲೆ ಬಿಡಲಿಲ್ಲ.

ನಮ್ಮಪ್ಪ ಗುಬ್ಬಿಯಲ್ಲಿ ಟೈಲರು. ಪೇಟೆ ಬೀದಿಯಲ್ಲಿ ಒಂದು ಮಿಷನ್ನಿನ ಅಂಗಡಿ. ಅಂಗಡಿಗೆ ಪೇಪರ್ ತರಿಸುತ್ತಿದ್ದರು, ಓದುವವರು ಮಾತ್ರ ಬೀದಿಯವರೆಲ್ಲ. ನನ್ನ ಬಾಯಿ ಜೋರು ಅನ್ನುವುದು ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ವಿಷಯ. "ನಮ್ ಸರೋಜ ಮಾತಿಗ್ ನಿಂತ್ರೆ ಗಾರ್ಡು ಬಾವುಟ ತೋರ್ಸೋದೇ ಮರೀತಾನೆ" ಅಂತ ಅಪ್ಪ ಬಂದವರ ಮುಂದೆಲ್ಲ ಹೇಳೋರು. ಅದನ್ನು ಕೇಳಿ ಕೇಳಿ ನಾನು ಉಬ್ಬಿಹೋಗಿದ್ದೆ. ಕಾಲೇಜಿನಲ್ಲಿ ಎಲ್ಲಿ ಮೈಕ್ ಕಂಡರೂ ಅದು ನನ್ನದೇ ಅಂದುಕೊಳ್ಳುವಷ್ಟು ಜಂಬ ಇತ್ತು.

ನಮ್ಮ ಹಿಸ್ಟರಿ ಮೇಷ್ಟ್ರು ಒಳ್ಳೆಯವರು. ಅವರು ಕೆಟ್ಟವರಾಗಿದ್ದರೆ ನನಗೆ ಬೈಯಲು ಯಾರಾದರೂ ಸಿಗುತ್ತಿದ್ದರು. ಆ ವರ್ಷ ಪೇಪರಿನಲ್ಲಿ ದಿನಾ ನೈಜೀರಿಯಾದ ಸುದ್ದಿ. ಅದರ ಪೂರ್ವದ ತುಂಡು ಬಯಾಫ್ರಾ ಅಂತ ಬೇರೆಯಾಗಿ, ಸರ್ಕಾರದ ಸೈನ್ಯ ಸುತ್ತುವರಿದು, ಒಳಗೆ ಅನ್ನವಿಲ್ಲದೆ ಮಕ್ಕಳು ಸಾಯುತ್ತಿದ್ದರು. ಹೊಟ್ಟೆ ಊದಿ, ಕೂದಲು ಕೆಂಚಾಗಿ, ಕಣ್ಣು ಮಾತ್ರ ಉಳಿದಿದ್ದ ಮಕ್ಕಳ ಫೋಟೋ ಬರುತ್ತಿತ್ತು. ಅಪ್ಪ ಆ ಪೇಪರಿನಲ್ಲಿ ಗುಂಡಿ ಕಟ್ಟಿಕೊಡಲು ಹೋಗಿ, ತಿರುಗಿಸಿ ನೋಡಿ, ಬೇರೆ ಹಾಳೆ ತೆಗೆದುಕೊಳ್ಳುತ್ತಿದ್ದರು. ಮೇಷ್ಟ್ರು ಅಂಥ ಒಂದು ಫೋಟೋವನ್ನು ಕ್ಲಾಸಿಗೆ ತಂದು, "ನೀವು ತಿಳ್ಕೋಬೇಕು ಇದನ್ನ" ಅಂದರು. ಆಮೇಲೆ ಬೋರ್ಡಿನ ನಡುವೆ ಉದ್ದಕ್ಕೆ ಒಂದು ಗೀಟು ಎಳೆದು, ಈ ಕಡೆ ಕಾಂಗೋ, ಆ ಕಡೆ ನೈಜೀರಿಯಾ ಅಂತ ಬರೆದರು.

ಎರಡಕ್ಕೂ ಸ್ವಾತಂತ್ರ್ಯ ಬಂದದ್ದು ಅರವತ್ತನೇ ಇಸವಿಯಲ್ಲೇ. ಕಾಂಗೋದಲ್ಲಿ ತಾಮ್ರ ಇದ್ದ ಪ್ರಾಂತ್ಯ ಬೇರೆಯಾಗಲು ಹೊರಟಿತು, ನೈಜೀರಿಯಾದಲ್ಲಿ ಎಣ್ಣೆ ಇದ್ದ ಪ್ರಾಂತ್ಯ. ಎರಡೂ ಕಡೆ ಬಿಳಿಯರು ಹೋದ ಹಾಗೆ ಮಾಡಿ, ಹಿತ್ತಲ ಬಾಗಿಲಲ್ಲಿ ನಿಂತಿದ್ದರು. ಕಾಂಗೋಗೆ ವಿಶ್ವಸಂಸ್ಥೆಯ ಸೈನ್ಯ ಹೋಯಿತು, ನಮ್ಮ ದೇಶದವರೂ ಹೋದರು. ನೈಜೀರಿಯಾಕ್ಕೆ ಸೈನ್ಯ ಹೋಗಲಿಲ್ಲ, ಪಾದ್ರಿಗಳು ವಿಮಾನದಲ್ಲಿ ಹಾಲಿನ ಪುಡಿ ಸಾಗಿಸಿದರು. ಅಲ್ಲಿ ಊರು ಬಿಟ್ಟು ಓಡಿದವರು, ಇಲ್ಲಿ ಓಡಲು ದಾರಿಯೇ ಇಲ್ಲದವರು. ಮೇಷ್ಟ್ರು ಬರೆದರು, ನಾವು ಬರೆದುಕೊಂಡೆವು. ಗೀಟಿನ ಎರಡೂ ಕಡೆ ಸಮ ಸಮ ಬರುವ ಹಾಗೆ ನಾನು ಸ್ಕೇಲಿಟ್ಟು ಬರೆದೆ. ಕೊನೆಗೆ ಅವರೇ, "ಈ ಸಲ ಚರ್ಚಾಸ್ಪರ್ಧೆಗೆ ಇದೇ ಇರ್ಲಿ. ಎರಡು ದೇಶದಲ್ಲಿ ಯಾರ ಸಂಕಟ ಹೆಚ್ಚಿನದು?" ಅಂದರು. ಕ್ಲಾಸಿನಲ್ಲಿ ಒಬ್ಬರಿಗೂ ಇದೆಂಥ ಪ್ರಶ್ನೆ ಅನ್ನಿಸಲಿಲ್ಲ. ನನಗಂತೂ ಅನ್ನಿಸಲೇ ಇಲ್ಲ.

ಚೀಟಿ ಎತ್ತಿದಾಗ ನನಗೆ ಕಾಂಗೋ ಬಂತು. ಇನ್ನೊಂದು ಕಡೆಗೆ ಚಂದ್ರಶೇಖರ, ತುಮಕೂರಿನ ವಕೀಲರ ಮಗ, ಇಂಗ್ಲಿಷ್ ಪತ್ರಿಕೆ ಮನೆಗೇ ತರಿಸುತ್ತಿದ್ದವನು. ನಾನು ರೈಲಿನಲ್ಲಿ ಅಳುವುದೊಂದು ಬಾಕಿ. ಅವನಿಗೆ ಬಿಸಿಬಿಸಿ ಯುದ್ಧ, ಫೋಟೋ ಸಮೇತ. ನನಗೆ ಐದಾರು ವರ್ಷದ ಹಿಂದಿನ ಹಳಸಲು ಯುದ್ಧ. ಹೀಗೆಯೇ ಯೋಚಿಸಿದ್ದೆ, ಇದೇ ಮಾತಿನಲ್ಲಿ. ಈಗ ಅದನ್ನು ಚಂದಮಾಡಿ ಹೇಳುವ ಆಸೆ ನನಗಿಲ್ಲ.

ಆಗ ನೆನಪಾದವರು ಭಾವ.

ನನ್ನ ಅಕ್ಕ ಪಾರ್ವತಿಯನ್ನು ಕುಣಿಗಲ್ಲಿಗೆ ಕೊಟ್ಟು ಎರಡು ವರ್ಷ ಆಗಿತ್ತು. ಭಾವನ ಹೆಸರು ನಂಜಪ್ಪ. ಮಿಲಿಟರಿಯಲ್ಲಿದ್ದು, ವಿಶ್ವಸಂಸ್ಥೆಯ ಕಡೆಯಿಂದ ಕಾಂಗೋಗೆ ಹೋಗಿ ಬಂದು, ಅದಾದ ಮೇಲೆ ಕೆಲಸ ಬಿಟ್ಟು, ಕುಣಿಗಲ್ಲಿನ ಕುದುರೆ ಫಾರಂನಲ್ಲಿ ಲಾಯ ನೋಡಿಕೊಳ್ಳುತ್ತಿದ್ದರು. ಮಾತು ಕಮ್ಮಿ. ನಮಗೆ ಅವರಲ್ಲಿ ತಮಾಷೆಯಾಗಿ ಕಾಣುತ್ತಿದ್ದದ್ದು ಎರಡು. ಒಂದು, ಬಾಗಿಲಿಗೆ ಯಾರೇ ಬರಲಿ, ಬಳೆ ಮಾರುವವಳೇ ಬರಲಿ, ಇವರು ಯಾಕೆ ಬಂದಿರಿ ಅಂತ ಕೇಳುವ ಮೊದಲೇ ಒಳಗೋಡಿ ಚೊಂಬಿನಲ್ಲಿ ನೀರು ತಂದು ಕೈಗೆ ಕೊಡುತ್ತಿದ್ದರು. ಇನ್ನೊಂದು, ಯಾರಾದರೂ ಇವರನ್ನು 'ಮಾಜಿ ಸೈನಿಕರು' ಅಂದರೆ ಮುಖ ಕಪ್ಪಾಗಿಬಿಡುತ್ತಿತ್ತು. "ಹಳೇ ಸಿಪಾಯಿ ಅನ್ನಿ ಸಾಕು" ಅನ್ನೋರು. ವಯಸ್ಸಾಯಿತು ಅಂದ ಹಾಗಾಗುತ್ತದೇನೋ ಪಾಪ ಅಂತ ನಾನೂ ಅಕ್ಕನೂ ನಗುತ್ತಿದ್ದೆವು. ಬೇಕು ಅಂತಲೇ ನಾನು ಎರಡು ಸಲ 'ಮಾಜಿ ಸೈನಿಕರೇ, ಊಟಕ್ಕೆ ಏಳಿ' ಅಂದಿದ್ದೂ ಉಂಟು.

ಒಂದು ಭಾನುವಾರ ನೋಟ್‌ಬುಕ್ ಹಿಡಿದು ತುಮಕೂರಿಗೆ ಬಂದು, ಅಲ್ಲಿಂದ ಬಸ್ ಹತ್ತಿ, ಹೆಬ್ಬೂರಿನ ಮೇಲೆ ಕುಣಿಗಲ್ಲಿಗೆ ಹೋದೆ. ದಾರಿಯುದ್ದಕ್ಕೂ ರಾಗಿ ಹೊಲದಲ್ಲಿ ಹೆಂಗಸರು ಗೋಣಿಚೀಲದ ಕೊಪ್ಪೆ ಹಾಕಿಕೊಂಡು ಕಳೆ ಕೀಳುತ್ತಿದ್ದರು. ಅಕ್ಕ ಐದು ತಿಂಗಳ ಬಸುರಿ. ನನ್ನನ್ನು ನೋಡಿ ಕುಣಿದಾಡಿದಳು. ಊಟ ಆಯಿತು. ಅವಳು ಒಳಗೆ ಅಡ್ಡಾದಳು. ಭಾವ ಜಗಲಿಯಲ್ಲಿ ಕೂತು ಕುದುರೆಯ ಲಗಾಮು ಹೊಲಿಯುತ್ತಿದ್ದರು. ಮಳೆ ಜಿನುಗುತ್ತಿತ್ತು. ನಾನು ಪಕ್ಕದಲ್ಲಿ ಕೂತು ಪುಸ್ತಕ ಬಿಚ್ಚಿದೆ.

"ಏನಮ್ಮ ಇದು, ನಡ್ಮಧ್ಯೆ ಗೀಟು?" ಅಂದರು.

"ಈ ಕಡೆ ಕಾಂಗೋ, ಆ ಕಡೆ ನೈಜೀರಿಯಾ, ಭಾವ. ಯಾವ್ದು ಜಾಸ್ತಿ ಕಷ್ಟ ಅಂತ ಹೋಲ್ಸಿ ಹೇಳ್ಬೇಕು. ನಂದು ಕಾಂಗೋ. ನೀವು ಕಣ್ಣಲ್ಲಿ ನೋಡಿದ್ದು ಒಂದಾದ್ರೂ ಹೇಳಿ."

"ಏನಿಲ್ಲ ಬುಡು. ಬಿಸ್ಲು, ಧೂಳು. ನಮ್ಮ ಶಿರಾ ಕಡೆ ಇದ್ದಂಗೆ."

ನಾನು ಬಿಡುವವಳಲ್ಲ. ಸಾಯಂಕಾಲದವರೆಗೂ ಪೀಡಿಸಿದೆ. ಓದಿದವರು ಸುಳ್ಳು ಹೇಳಿ ಗೆಲ್ಲುತ್ತಾರೆ, ಕಂಡವರು ಬಾಯಿ ಮುಚ್ಚಿಕೊಂಡಿದ್ದರೆ ಆ ಜನಕ್ಕೆ ಯಾರು ಗತಿ ಅಂತ ಏನೇನೋ ದೊಡ್ಡ ದೊಡ್ಡ ಮಾತಾಡಿದೆ. ಭಾವ ದಾರ ಕಚ್ಚಿ ಹರಿದು, ಸೂಜಿಯನ್ನು ಲಗಾಮಿಗೇ ಚುಚ್ಚಿಟ್ಟರು.

"ಪಾರ್ವತಿಗೂ ಗೊತ್ತಿಲ್ಲ ಇದು. ಬುಕ್ಕಲ್ಲಿ ಬರೀಬೇಡ" ಅಂದರು.

"ಬರಿಯಲ್ಲ ಭಾವ" ಅಂದು ಪುಸ್ತಕ ಮುಚ್ಚಿದೆ.

"ಊರ್ ಬುಟ್ಟು ಓಡ್ಬಂದವ್ರನ್ನ ಒಂದ್ ದೊಡ್ ಬೈಲಲ್ಲಿ ಇಟ್ಟಿದ್ರು. ಸುತ್ತ ಮುಳ್ತಂತಿ. ನಂದು ತಂತಿ ತಾವ ಕಾವ್ಲು ಪಾರ. ಒಂದಿನ ಒಬ್ಳು ಬಂದ್ಲು, ಸೊಂಟದ್ ಮೇಲೆ ಮಗ. ನಮ್ಮ ಕಡೆ ಹೆಣ್ಮಕ್ಳು ಎತ್ಕತಾರಲ್ಲ, ಅಂಗೇ. 'ಮಾಜಿ, ಮಾಜಿ' ಅಂದ್ಲು. ನಮ್ಗೆ ಮಿಲ್ಟ್ರೀಲಿ ಹಿಂದಿ ಅಲ್ವಾ? ಮಾಜೀ ಅಂದ್ರೆ ಅಮ್ಮ. ಓಹೋ, ಇವ್ಳು ಅವ್ರಮ್ಮನ್ನ ಹುಡುಕ್ತಾವ್ಳೆ ಅನ್ಕಂಡೆ. ಮುದುಕೀರ್ನೆಲ್ಲ ಆ ತುದೀಲಿ ಇಟ್ಟಿದ್ರು. ಅತ್ಲಾಗೆ ಹೋಗು ಅಂತ ಕೈ ತೋರ್ಸ್ದೆ. ಹೋದ್ಲು. ಅರ್ಧ ಮೈಲಿ ಐತೆ ಅದು, ಉರಿ ಬಿಸ್ಲು."

"ಆಮೇಲೆ?"

"ಸಂಜಿಕ್ಕೆ ಮತ್ತೆ ಬಂದ್ಲು. ಮಾಜಿ ಅಂತಾಳೆ, ನನ್ ಸೊಂಟದ್ ಕಡೆ ಬೆರಳು ತೋರುಸ್ತಾಳೆ. ಸೊಂಟ್ದಲ್ಲಿ ಬ್ಯಾನೆಟ್ಟಿತ್ತು, ಬಂದೂಕದ್ ತುದೀಗೆ ಸಿಗ್ಸೋ ಚೂರಿ. ಯಾಕ್ ಬೇಕಪ್ಪ ಅಂತ ಎರಡೆಜ್ಜೆ ಹಿಂದಿಕ್ ಸರ್ದೆ. ನಿಮ್ಮಮ್ಮ ಇತ್ಲಾಗೆ ಇರ್ಬೋದು ನೋಡವ್ವ ಅಂತ ಇನ್ನೊಂದ್ ತುದಿ ತೋರ್ಸ್ದೆ. ಒಳ್ಳೇ ಮಾತಲ್ಲೇ ಹೇಳ್ದೆ ಕಣಮ್ಮ. ಬೈಲಿಲ್ಲ, ಹೊಡೀಲಿಲ್ಲ. ಬೆಳಿಗ್ಗೆ ನೋಡಿದ್ರೆ ಆ ಮಗ ಹೋಗ್ಬುಟ್ಟಿತ್ತು. ಅವ್ಳು ತಂತಿ ತಾವ್ಲೇ ಕುಂತಿದ್ಲು."

ಭಾವ ಲಗಾಮು ನೋಡುತ್ತಾ ಮುಂದುವರಿಸಿದರು.

"ಒಂದ್ ತಿಂಗಳಾದ್ಮೇಲೆ ಅಡುಗೆಗೆ ಅಲ್ಲೀ ಮನ್ಷ ಒಬ್ಬ ಬಂದ. ನಂಗೆ ಕುಡಿಯಕ್ಕೆ ಕೊಡ್ತಾ 'ಮಾಜಿ' ಅಂದ. ಏನ್ಲಾ ಅಂಗಂದ್ರೆ ಅಂದೆ. ನೀರು. ಅವ್ರ ಮಾತಲ್ಲಿ ಮಾಜಿ ಅಂದ್ರೆ ನೀರು. ಸೊಂಟ್ದಲ್ಲಿ ಬ್ಯಾನೆಟ್ ಪಕ್ದಲ್ಲೇ ನನ್ನ ನೀರಿನ ಬಾಟ್ಲಿ ಇರೋದು. ಅವತ್ತು ಎರಡೊತ್ತೂ ತುಂಬಿತ್ತು."

ಅಷ್ಟು ಹೇಳಿ ಸೂಜಿ ಕಿತ್ತು ಮತ್ತೆ ಹೊಲಿಯಲು ಕೂತರು. ನನಗೆ ಅಳು ಬಂತು, ನಿಜವಾಗಿಯೂ ಬಂತು. ಇದನ್ನು ಯಾಕೆ ಹೇಳುತ್ತೇನೆಂದರೆ, ನಾನು ಕಲ್ಲಾಗಿದ್ದೆ ಅಂತ ಯಾರೂ ತಿಳಿಯಬಾರದು. ಅತ್ತವಳೇ ನಾನು ಆ ಕೆಲಸ ಮಾಡಿದ್ದು. ಅಷ್ಟರಲ್ಲಿ ಅಕ್ಕ ಎದ್ದು ಬಂದು, "ಏನೇ, ಭಾವನ್ನ ಗೋಳ್ ಹುಯ್ಕತಿದೀಯಾ?" ಅಂದಳು. "ಏನಿಲ್ಲ ಕಣೇ, ಕುದುರೆ ವಿಷ್ಯ" ಅಂದೆ. ಭಾವ ನನ್ನ ಕಡೆ ಒಂದು ಸಲ ನೋಡಿದರು. ನಂಬಿಕೆಯ ನೋಟ ಅದು. "ಇವ್ಳ್ ಭಾಷಣಕ್ಕೆ ನಾವೂ ಹೋಗಣ ರೀ" ಅಂತ ಅಕ್ಕ ಹಟ ಹಿಡಿದಳು. ಬನ್ನಿ ಬನ್ನಿ ಅಂತ ನಾನೇ ಕರೆದೆ. ಆಗ ನನ್ನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ.

ಚರ್ಚೆಯ ದಿನ ಉತ್ತರೆ ಮಳೆ ಚೆನ್ನಾಗಿಯೇ ಹೊಡೆಯುತ್ತಿತ್ತು. ಕಾಲೇಜಿನ ಹಾಲ್ ತುಂಬಿತ್ತು. ನೆನೆದ ಕೊಡೆಗಳೆಲ್ಲ ಗೋಡೆ ಪಕ್ಕ ಸಾಲಾಗಿ ನೀರು ಬಿಡುತ್ತಿದ್ದವು. ವೇದಿಕೆಯ ಕೆಳಗೆ ಮೂರು ಜನ ತೀರ್ಪುಗಾರರು ಮಾರ್ಕಿನ ಹಾಳೆ ಹಿಡಿದು ಕೂತಿದ್ದರು. ವಿಷಯಕ್ಕಿಷ್ಟು, ಮಂಡನೆಗಿಷ್ಟು, ಉಚ್ಚಾರಣೆಗಿಷ್ಟು. ಅಕ್ಕ, ಭಾವ ಹಿಂದಿನ ಬೆಂಚಿನಲ್ಲಿ. ಭಾವ ನಮ್ಮಪ್ಪ ಹೊಲಿದುಕೊಟ್ಟ ಬಿಳಿ ಶರಟು ಹಾಕಿಕೊಂಡು ನೆಟ್ಟಗೆ ಕೂತಿದ್ದರು.

ಚಂದ್ರಶೇಖರ ಮೊದಲು ಮಾತಾಡಿದ. ಇಂಗ್ಲಿಷ್ ಪತ್ರಿಕೆಯ ಪುಟದಗಲದ ಫೋಟೋ ಒಂದನ್ನು ರಟ್ಟಿಗೆ ಅಂಟಿಸಿ ತಂದಿದ್ದ. ಕೊನೆಯಲ್ಲಿ ಅದನ್ನು ಎತ್ತಿ ಹಿಡಿದು, ಒಂದೂ ಮಾತಾಡದೆ ನಿಂತ. ಮುಂದಿನ ಸಾಲಿನ ಹುಡುಗಿಯೊಬ್ಬಳು ಬಿಕ್ಕಿದಳು. ನಾನು ಕಣ್ಣು ಮುಚ್ಚಿಕೊಂಡೆ. ಆ ಮಗುವಿಗಾಗಿ ಅಲ್ಲ, ಸೋಲುತ್ತೇನೆ ಅಂತ.

ನನ್ನ ಸರದಿ ಬಂತು. ತಾಮ್ರ, ಬೆಲ್ಜಿಯಂ, ಪ್ರಾಂತ್ಯ, ವಿಶ್ವಸಂಸ್ಥೆ ಅಂತ ಬಾಯಿಪಾಠ ಒಪ್ಪಿಸುತ್ತಾ ಹೋದೆ. ಒಬ್ಬ ತೀರ್ಪುಗಾರರು ಕನ್ನಡಕ ಒರೆಸಿಕೊಳ್ಳುತ್ತಿದ್ದರು, ಇನ್ನೊಬ್ಬರು ಆಕಳಿಸಿದರು. ಇನ್ನು ಎರಡೇ ನಿಮಿಷ ಅನ್ನುವ ಗಂಟೆ ಹೊಡೆಯಿತು. ಬುಕ್ಕಿನಲ್ಲಿ ಬರೆಯಬೇಡ ಅಂದಿದ್ದರು, ನಾನು ಬರೆದಿಲ್ಲವಲ್ಲ, ಬಾಯಲ್ಲಿ ಹೇಳಿದರೆ ಏನಾಯಿತು ಅಂತ ಆ ಗಳಿಗೆಯಲ್ಲಿ ಲೆಕ್ಕ ಹಾಕಿದೆ. ಎಷ್ಟು ಚುರುಕಾಗಿ ಓಡಿತು ನೋಡಿ ತಲೆ! "ಫೋಟೋ ಯಾರು ಬೇಕಾದರೂ ತೋರಿಸಬಹುದು. ಕಣ್ಣಾರೆ ಕಂಡವರು ಇದೇ ಸಭೆಯಲ್ಲಿ ಕೂತಿದ್ದಾರೆ. ನನ್ನ ಸ್ವಂತ ಭಾವ" ಅಂದೆ.

ತಲೆಗಳೆಲ್ಲ ಹಿಂದಕ್ಕೆ ತಿರುಗಿದವು. ನಾನು ಎಲ್ಲವನ್ನೂ ಹೇಳಿದೆ. ತಂತಿ, ಸೊಂಟದ ಮಗು, ಆ ತುದಿ, ಈ ತುದಿ, ತುಂಬಿದ ಬಾಟಲಿ. ಹೇಳಿದ್ದು ಸಾಲದು ಅಂತ ಕೊನೆಯಲ್ಲಿ ಒಂದು ಚಮತ್ಕಾರವನ್ನೂ ಸೇರಿಸಿದೆ. "ಮಾಜಿ ಅಂದರೆ ಹಿಂದಿಯಲ್ಲಿ ತಾಯಿ, ಅಲ್ಲಿ ನೀರು, ನಮ್ಮ ಕನ್ನಡದಲ್ಲಿ ಹಿಂದೆ ಇದ್ದು ಈಗ ಇಲ್ಲದ್ದು. ಆ ಮಗುವಿಗೆ ಮೂರೂ ಅರ್ಥ ಒಂದೇ ದಿನ ತಿಳಿಯಿತು" ಅಂದೆ. ರೈಲಿನಲ್ಲಿ ಸೀರೆ ಊದಿಕೊಳ್ಳುತ್ತಾ ಹೊಸೆದಿದ್ದ ಮಾತು ಅದು. ಅಂದರೆ, ಹೇಳುವುದಿಲ್ಲ ಅಂತ ನನಗೆ ನಾನೇ ಅಂದುಕೊಂಡಿದ್ದ ದಿನಗಳಲ್ಲೂ ತಯಾರಿ ನಡೆದೇ ಇತ್ತು. "ಭೇಷ್!" ಅಂದರು ಕನ್ನಡಕದವರು. ಚಪ್ಪಾಳೆ ಬಿತ್ತು. ಸೂರಿನ ಶೀಟಿನ ಮೇಲೆ ಮಳೆಯ ಸದ್ದೇ ಕೇಳಿಸದಷ್ಟು ಚಪ್ಪಾಳೆ.

ಪ್ರಿನ್ಸಿಪಾಲರು ಮೈಕಿಗೆ ಬಂದು, "ಆ ಮಾಜಿ ಸೈನಿಕರು ದಯವಿಟ್ಟು ಎದ್ದು ನಿಲ್ಲಬೇಕು, ಸಭೆ ಅವರನ್ನು ನೋಡಲಿ" ಅಂದರು. ಪಾಪ, ಗೌರವಕ್ಕೇ ಅಂದದ್ದು. ಭಾವ ಎದ್ದರು. ಆರ್ಡರ್ ಆದರೆ ಏಳುವುದು ಅಭ್ಯಾಸವಾಗಿತ್ತು. ಹಿಮ್ಮಡಿ ಜೋಡಿಸಿ, ಕೈ ಪಕ್ಕಕ್ಕಿಟ್ಟುಕೊಂಡು, ಎದುರಿನ ಗೋಡೆ ನೋಡುತ್ತಾ ನಿಂತರು. ಕೂತುಕೊಳ್ಳಿ ಅಂತ ಹೇಳುವುದನ್ನು ಎಲ್ಲರೂ ಮರೆತರು. ಅಕ್ಕ ಹೊಟ್ಟೆಯ ಮೇಲೆ ಸೆರಗು ಎಳೆದುಕೊಂಡು, ಬೆಂಚು ದಾಟಿ, ಮಳೆಯಲ್ಲೇ ಹೊರಗೆ ಹೋದಳು. ಅದನ್ನೂ ನಾನು ವೇದಿಕೆಯ ಮೇಲಿಂದ ನೋಡಿದೆ.

ಮುಂದಿನದನ್ನು ಬೇಗ ಹೇಳಿ ಮುಗಿಸುತ್ತೇನೆ. ಅಕ್ಕ ಬಾಣಂತನಕ್ಕೆ ಗುಬ್ಬಿಗೆ ಬಂದಳು. ಹೆಣ್ಣು ಮಗು ಆಯಿತು. ಭಾವ ನೋಡಲು ಬಂದಾಗ ಅಮ್ಮ ಮಗುವನ್ನು ಅವರ ತೊಡೆಯ ಮೇಲೆ ಮಲಗಿಸಲು ಹೋದರು. ಅಕ್ಕ "ಇರ್ಲಿ, ನಾನೇ ಇಟ್ಕೋತೀನಿ" ಅಂದಳು. ಅಷ್ಟೇ ಅಂದದ್ದು. ಜಗಳ ಆಡಲಿಲ್ಲ, ಮನೆ ಬಿಡಲಿಲ್ಲ, ಆಮೇಲೆ ಇನ್ನೂ ಇಬ್ಬರು ಮಕ್ಕಳಾದರು. ಆದರೆ ಆ ಮೂವರಲ್ಲಿ ಒಬ್ಬರಿಗೂ ಜ್ವರ ಬಂದಾಗ ಭಾವನ ಕೈಯಲ್ಲಿ ಲೋಟ ಕೊಡಲಿಲ್ಲ. ಅವರು ಕೇಳಲೂ ಇಲ್ಲ. ಮನೆಗೆ ಬಂದವರಿಗೆ ನೀರು ತರುವುದನ್ನೂ ನಿಲ್ಲಿಸಿಬಿಟ್ಟರು. ನನ್ನ ಮೇಲೆ ಅಕ್ಕ ಒಂದು ದಿನವೂ ಕೂಗಾಡಲಿಲ್ಲ. ಕೂಗಾಡಿದ್ದರೆ ಕ್ಷಮೆ ಕೇಳಲು ನನಗೊಂದು ಜಾಗ ಸಿಗುತ್ತಿತ್ತು. ಅಕ್ಕನೂ ಇಲ್ಲ, ಭಾವನೂ ಇಲ್ಲ ಈಗ. ಕೇಳದೇ ಉಳಿಯಿತು.

ಅವತ್ತು ಸಭೆ ಮುಗಿದ ಮೇಲೆ ಮೂವರೂ ಬಸ್ ಸ್ಟ್ಯಾಂಡಿಗೆ ನಡೆದುಕೊಂಡು ಹೋದೆವು. ಮಳೆ ನಿಂತಿತ್ತು. ನನ್ನ ಕೈಯಲ್ಲಿ ಗೆದ್ದ ಕಪ್. ಅಕ್ಕನ ಸೀರೆ ಮೊಣಕಾಲಿನವರೆಗೂ ನೆನೆದಿತ್ತು. ದಾರಿಯುದ್ದಕ್ಕೂ ನಾನೊಬ್ಬಳೇ ಮಾತು. ತೀರ್ಪುಗಾರರು ಹೀಗಂದರು, ಪ್ರಿನ್ಸಿಪಾಲರು ಹಾಗಂದರು, ಚಂದ್ರಶೇಖರನ ಮುಖ ಹೇಗಾಗಿತ್ತು. ಅವರಿಬ್ಬರೂ ಮಾತಾಡುತ್ತಿಲ್ಲ ಅನ್ನುವುದು ಗೊತ್ತಾಗಿತ್ತು. ಅದಕ್ಕೇ ಇನ್ನಷ್ಟು ಮಾತಾಡಿದೆ.

ಕುಣಿಗಲ್ ಬಸ್ ಬಂತು. ಅಕ್ಕ ಹತ್ತಿ ಹೆಂಗಸರ ಸೀಟಿನಲ್ಲಿ ಕೂತಳು. ಪಕ್ಕದಲ್ಲಿ ಜಾಗ ಇತ್ತು, ಅಲ್ಲಿ ಚೀಲ ಇಟ್ಟಳು. ಭಾವ ಫುಟ್‌ಬೋರ್ಡಿನ ಮೇಲೆ ಒಂದು ಕಾಲಿಟ್ಟವರು ತಿರುಗಿ ನಿಂತರು. ಬೈಯುತ್ತಾರೆ ಅಂದುಕೊಂಡೆ. ಬೈಯಲಿ ಅಂತಲೂ ಅನ್ನಿಸಿತು. ಅವರ ದನಿಯಲ್ಲಿ ಕೋಪವೇ ಇರಲಿಲ್ಲ.

"ಆ ಮಗೀಗೆ ಎಷ್ಟ್ ಮಾರ್ಕ್ ಕೊಟ್ರಮ್ಮ?" ಅಂದರು.

ನನಗೆ ಪ್ರಶ್ನೆ ಅರ್ಥವಾಗಲಿಲ್ಲ. ನನ್ನ ಮಾರ್ಕು ಕೇಳುತ್ತಿದ್ದಾರೆ ಅಂತ ಖುಷಿಯೇ ಆಯಿತು.

"ನೂರಕ್ಕೆ ಎಂಬತ್ನಾಲ್ಕು, ಭಾವ."

"ನೈಜೀರಿಯಾದ್ ಮಕ್ಳಿಗೆ?"

"ಎಂಬತ್ತೊಂದು."

ಭಾವ ತಲೆಯಾಡಿಸಿದರು. "ಮೂರು ಜಾಸ್ತಿ" ಅಂದರು, ನಿಧಾನವಾಗಿ, ಯಾರೋ ಹೇಳಿಕೊಟ್ಟಿದ್ದನ್ನು ಕಲಿಯುವವರ ಹಾಗೆ. ಕಂಡಕ್ಟರ್ ಸೀಟಿ ಊದಿದ. ನಾನು ಕಪ್ಪನ್ನು ಎತ್ತಿ ಹಿಡಿದು, ಬಸ್ಸು ತಿರುವು ದಾಟುವವರೆಗೂ ಟಾಟಾ ಮಾಡುತ್ತಾ ನಿಂತಿದ್ದೆ.